ಹಳೆ ಪುಸ್ತಕ ಮುಚ್ಚುವ ದಿನ

ಹೊಸ ವ್ಯವಸ್ಥೆ ಶುರುವಾಗುವ ದಿನ ದೀಪ ಬೆಳಗುತ್ತಾರೆ, ಭಾಷಣ ಮಾಡುತ್ತಾರೆ. ಹಳೆಯದು ನಿಲ್ಲುವುದು ಯಾವತ್ತು ಎಂದು ಯಾರೂ ಕೇಳುವುದಿಲ್ಲ. ಕೆಲಸ ಕೆಡುವುದೇ ಅಲ್ಲಿ. ಕಂಪನಿಯಾಗಲಿ, ಸಹಕಾರಿ ಸಂಘವಾಗಲಿ, ಸರ್ಕಾರಿ ಕಚೇರಿಯಾಗಲಿ, ಹಳೆ ಪುಸ್ತಕವನ್ನು ಯಾವಾಗ, ಯಾರ ಸಹಿಯ ಮೇಲೆ ಮುಚ್ಚಬೇಕೆಂಬುದು ಮೊದಲೇ ತೀರ್ಮಾನವಾಗದಿದ್ದರೆ ಎಂಥ ಸಾಫ್ಟ್‌ವೇರ್ ತಂದರೂ ಜನ ಒದ್ದಾಡುವುದು ತಪ್ಪುವುದಿಲ್ಲ.

ಇದಕ್ಕೆ ನಮ್ಮ ಕಣ್ಣೆದುರಿಗಿರುವ ದೊಡ್ಡ ಪಾಠ ಕರ್ನಾಟಕದ ಜಮೀನು ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆ. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಹೋಗಬೇಕಿತ್ತು. ಯೋಜನೆಯ ಹೊಣೆ ಹೊತ್ತಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ತಂಡ ಇಡೀ ರಾಜ್ಯಕ್ಕೆ ಒಂದೇ ತಾರೀಖು ಇಟ್ಟುಕೊಳ್ಳಲಿಲ್ಲ. ಮೊದಲು ಮದ್ದೂರು, ಆಮೇಲೆ ಒಂದೊಂದೇ ತಾಲ್ಲೂಕು. ಟೈಪಾದ ಪಹಣಿಯನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು ಮೂಲದ ಜೊತೆ ತಾಳೆ ನೋಡಿಸಿದರು. ತಾಲ್ಲೂಕಿನ ದಾಖಲೆ ಪೂರ್ತಿಯಾದ ಮೇಲಷ್ಟೇ ಅಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲವೆಂದು ಅಧಿಸೂಚನೆ ಹೊರಟಿತು. ಕೌಂಟರಿನಲ್ಲಿ ಎರಡು ಪರದೆ: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. 15 ರೂಪಾಯಿ ಕೊಟ್ಟವನು ತನ್ನ ಹೆಸರು ಸರಿಯಿದೆಯೇ ಎಂದು ನಿಂತಲ್ಲೇ ನೋಡಬಹುದಿತ್ತು.

ಈ ತಾಳೆ ನೋಡುವ ಕೆಲಸದ ಬೆಲೆ ಉತ್ತರ ಕನ್ನಡದ ಕುಮಟೆ ತಾಲ್ಲೂಕಿನ ಮಿರ್ಜಾನದಂಥ ಊರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅಘನಾಶಿನಿ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಅದರ ಪಕ್ಕದ ತೆಂಗಿನ ತೋಟ ಎಲ್ಲವೂ ಗುಂಟೆ ಲೆಕ್ಕದ ಹಿಡುವಳಿ. ಒಂದು ಸರ್ವೆ ನಂಬರಿಗೆ ಹತ್ತಾರು ಹಿಸ್ಸೆ, ಒಂದು ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರು. ಒಂದೇ ಕೇರಿಯಲ್ಲಿ ಒಂದೇ ಹೆಸರಿನ ಗೌಡರು, ನಾಯ್ಕರು ಹಲವರಿರುತ್ತಾರೆ. ಇವರನ್ನು ಬೇರೆ ಮಾಡಿ ತೋರಿಸುವುದು ‘ಬಿನ್’ ಆದಮೇಲೆ ಬರುವ ಅಪ್ಪನ ಹೆಸರು. ಟೈಪ್ ಮಾಡುವವರು ಅದರಲ್ಲಿ ಒಂದಕ್ಷರ ತಪ್ಪಿದರೂ ಸಾಕು, ಬೆಳೆಸಾಲಕ್ಕೆ ಹೋದವನು ಬರಿಗೈಯಲ್ಲಿ ವಾಪಸು ಬರುತ್ತಾನೆ. ಈ ತಪ್ಪು ಬೆಂಗಳೂರಿನ ಇಂಜಿನಿಯರ್ ಕಣ್ಣಿಗೆ ಬೀಳುವಂಥದ್ದಲ್ಲ. ಮನೆತನಗಳನ್ನು ಬಲ್ಲವರೇ ನೋಡಿ ಹೇಳಬೇಕು.

ಭೂಮಿಗೂ ಮಿತಿ ಇತ್ತು. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಕಂಪ್ಯೂಟರಿಗೆ ಹೋಯಿತು. ಜಮೀನನ್ನು ಹೊಸದಾಗಿ ಅಳೆಯಲಿಲ್ಲ. ಪೋಡಿಯಾಗದ, ಅಂದರೆ ಅಳೆದು ಬೇರೆ ಮಾಡದ, ಹಿಸ್ಸೆಗಳ ತಕರಾರು ಹಾಗೇ ಉಳಿಯಿತು. ಆದರೂ ಅದು ಸರಿಯಾದ ನಿರ್ಧಾರವೇ. ಹಳೆಯ ತಪ್ಪೆಲ್ಲ ತಿದ್ದಿದ ಮೇಲೆ ಹೊಸದಕ್ಕೆ ದಾಟೋಣ ಎಂದು ಕೂತಿದ್ದರೆ ಇವತ್ತಿಗೂ ದಾಟುತ್ತಿರಲಿಲ್ಲ. ಹೊಸ ತಪ್ಪು ಸೇರಬಾರದು ಎಂಬಷ್ಟಕ್ಕೆ ಹಟ ಹಿಡಿದರೆ ಸಾಕು.

ಈಗ ಸರದಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳದ್ದು. ಅವುಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು: ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ. ಇಲ್ಲಿ ಎರಡು ಆಸೆಗಳನ್ನು ಹತ್ತಿಕ್ಕಬೇಕು. ಒಂದು, ಮಾರ್ಚ್ ಕೊನೆಗೇ ದಾಟಿಬಿಡುವ ಆಸೆ. ವರ್ಷದ ಲೆಕ್ಕ ಮುಗಿಯುವುದರಿಂದ ಅದು ಅನುಕೂಲ ಅನ್ನಿಸುತ್ತದೆ. ಆದರೆ ಸಾಲ ತೀರಿಸಿ ನವೀಕರಿಸುವ ಗದ್ದಲವೂ ಅದೇ ವಾರಗಳದ್ದು. ಜೂನ್‌ಗೆ ಮುಂದೂಡಿದರೆ ಕರಾವಳಿಯ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಜನ ಗದ್ದೆಯಲ್ಲಿ. ಮಿರ್ಜಾನಕ್ಕೆ ದೀಪಾವಳಿ ಕಳೆದ ಮೇಲಿನ ದಿನಗಳೇ ವಾಸಿ. ಈ ಮಾತನ್ನು ಊರಿನವರನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು, ಹಳೆ ಲೆಡ್ಜರನ್ನೂ ಇರಲಿ ಬಿಡಿ ಎಂದು ಜೊತೆಯಲ್ಲೇ ಓಡಿಸುವ ಆಸೆ. ಕೆಲವು ವಾರ ಓಡಿಸಲೇಬೇಕು. ದಿನದ ಕೊನೆಗೆ ಎರಡೂ ಕಡೆಯ ಶಿಲ್ಕು ಹೊಂದುತ್ತದೆಯೇ ಎಂದು ನೋಡಲೇಬೇಕು. ಆರು ತಿಂಗಳು ಓಡಿಸಿದರೆ ಮಾತ್ರ ಒಂದು ಕಂತು ಅಲ್ಲಿ ಜಮೆ, ಇನ್ನೊಂದು ಇಲ್ಲಿ. ಆಗ ಯಾವ ಬಾಕಿ ನಿಜ ಎಂದು ಹೇಳುವವರೇ ಇರುವುದಿಲ್ಲ.

ದಾಟಿದ ಮೇಲೂ ತಪ್ಪು ಸಿಕ್ಕೇ ಸಿಗುತ್ತದೆ. ತಿದ್ದುವ ಅಧಿಕಾರ ಯಾರಿಗೆ, ಎಷ್ಟು ದಿನದಲ್ಲಿ ತಿದ್ದಬೇಕು ಎಂಬುದನ್ನು ಮೊದಲ ದಿನವೇ ಕೌಂಟರಿನ ಎದುರು ಬರೆದು ಅಂಟಿಸಬೇಕು. ಟೈಪಿನ ತಪ್ಪಿಗಾಗಿ ರೈತ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಕುಮಟೆಗೆ ಹೋಗುವಂತಾಗಬಾರದು. ಅದನ್ನು ಸರಿಪಡಿಸುವ ಅಧಿಕಾರ ಮಿರ್ಜಾನದಲ್ಲೇ ಇರಬೇಕು.