ತಂತಿಯೂ ಅಯಸ್ಕಾಂತವೂ

ಹೊಸಪೇಟೆಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುವರು: ಮಗನ ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗಳನ್ನು ಮೀಟಿದರೆ ದನಿಯು ನಡುಗಿ ಬೇಗನೆ ಅಡಗುವುದು, ಪಿಕಪ್ಪನ್ನೇ ಬದಲಾಯಿಸಬೇಕೆಂದು ರಿಪೇರಿಯವನ ಮಾತು, ಹುಡುಗನ ಕಾಲೇಜಿನ ಫೀಜಿಗೆಂದು ತೆಗೆದಿಟ್ಟ ಹಣವನ್ನು ಅದಕ್ಕೆ ಹಾಕಬಹುದೆ?

ಈಗಲೇ ಬೇಡವೆಂದು ನಮ್ಮ ಅಭಿಪ್ರಾಯ. ಮೊದಲು ತಿರುಪುಳಿಯೊಂದನ್ನು ಕೈಗೆ ತೆಗೆದುಕೊಳ್ಳಲಿ.

ತಂತಿಗಳ ಕೆಳಗೆ ಕುಳಿತಿರುವ ಈ ಪಿಕಪ್ಪೆಂದರೆ, ಕೂದಲಿನಂತೆ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತ. ಮೇಲೆ ಉಕ್ಕಿನ ತಂತಿಯು ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಆದರೆ ಅಯಸ್ಕಾಂತವು ತೀರ ಸಮೀಪವಾದರೆ ತಂತಿಯನ್ನೇ ಸೆಳೆದು ಶ್ರುತಿಯನ್ನು ಕದಡುವುದು. ಹಂಪೆಯ ಪುರಂದರ ಮಂಟಪದಲ್ಲಿ ಆರಾಧನೆಯ ದಿನ ತಂಬೂರಿಯ ಶ್ರುತಿ ಕೂಡಿಸುವುದನ್ನು ಕಂಡವರಿಗೆ ಇದು ಹೊಸತೆನಿಸದು. ಕುದುರೆಯ ಮೇಲಣ ಜೀವಾಳದ ನೂಲು ಎಳ್ಳಷ್ಟು ಸರಿದರೂ ನಾದವೇ ಬೇರೆ.

ಕೊನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಅದರ ಅಡಿಗೂ ಪಿಕಪ್ಪಿನ ತಲೆಗೂ ಇರುವ ಅಂತರವನ್ನು ಅಳೆಯತಕ್ಕದ್ದು. ದಪ್ಪ ತಂತಿಯ ಕಡೆ ಸುಮಾರು ೨.೫, ಸಣ್ಣದರ ಕಡೆ ೨ ಮಿಲಿಮೀಟರು ಇದ್ದರೆ ಆರಂಭಕ್ಕೆ ಸಾಕು. ಪಿಕಪ್ಪಿನ ಎರಡು ತುದಿಯ ತಿರುಪುಗಳನ್ನು ಕಾಲು ಸುತ್ತಿನಷ್ಟೇ ತಿರುಗಿಸಿ, ಪ್ರತಿಸಲವೂ ನುಡಿಸಿ ಕೇಳಬೇಕು, ಅವಸರ ಕೂಡದು. ಕುತ್ತಿಗೆಯ ಕಡೆಯ ಪಿಕಪ್ಪನ್ನು ಇನ್ನೂ ತುಸು ತಗ್ಗಿಸಬಹುದು. ಅಲ್ಲಿ ತಂತಿಯ ತೂಗಾಟ ಹೆಚ್ಚು.

ದನಿಯೇ ಹೊರಡದಿದ್ದರೆ ಮಾತ್ರ ವಿಷಯ ಬೇರೆ. ಬೆಸುಗೆ ಬಿಟ್ಟಿದೆಯೋ ನೋಡಿ, ಬಳಿಕ ಮೀಟರಿನಿಂದ ಸುರುಳಿಯನ್ನು ಪರೀಕ್ಷಿಸಬೇಕು. ಕೆಲವು ಸಾವಿರ ಓಮು ತೋರಿದರೆ ಎಳೆ ಹರಿದಿಲ್ಲ. ಹರಿದಿದ್ದರೆ ಹೊಸದನ್ನು ಕೊಳ್ಳಲಿ. ಹಳೆಯದರ ಅಳತೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಲಿ.