ಈಸೂರಿನ ಪಾಠ: ಐವರ ಜೊತೆಗೆ ಇನ್ನಿಬ್ಬರು

ಸ್ವಾತಂತ್ರ್ಯ ಹೋರಾಟದ ಘಟಕಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಈಸೂರಿಗೆ ಸಿಗುವುದು ಹೆಚ್ಚೆಂದರೆ ಐದು ನಿಮಿಷ. ಹುತಾತ್ಮರ ಸ್ಮಾರಕದ ಚಿತ್ರ ತೋರಿಸುವುದು, ಗಲ್ಲಿಗೇರಿದ ಐವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದು, ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯನ್ನು ಮಕ್ಕಳಿಂದ ಹೇಳಿಸುವುದು, ಅಲ್ಲಿಗೆ ಪಾಠ ಮುಗಿಯಿತು. ಮೌಲ್ಯಮಾಪನದ ಪ್ರಶ್ನೆಯೂ ಅದೇ: ಐವರನ್ನು ಹೆಸರಿಸಿ. ಇಷ್ಟು ಸಾಲದು. ಅದೇ ಘಟನೆಯಲ್ಲಿ ಸತ್ತ ಇನ್ನಿಬ್ಬರನ್ನೂ ತರಗತಿಗೆ ತರದೆ ಹೋದರೆ ಐವರ ಸಾವಿನ ಭಾರವೂ ಮಕ್ಕಳಿಗೆ ತಿಳಿಯುವುದಿಲ್ಲ.

ಸಂಗತಿ ಇಷ್ಟು. 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾದಾಗ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ಕಂದಾಯ ಕೊಡುವುದಿಲ್ಲವೆಂದರು. ಸೆಪ್ಟೆಂಬರ್‌ನಲ್ಲಿ ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಹಾರಿಸಿ ತಮ್ಮದು ಸ್ವತಂತ್ರ ಊರು ಎಂದು ಸಾರಿದರು. ಊರಿನ ಹುಡುಗರನ್ನೇ ತಮ್ಮ ಸರ್ಕಾರದ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಪೊಲೀಸರೂ ಊರಿಗೆ ಬಂದರು. ಘರ್ಷಣೆ ನಡೆಯಿತು. ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಜನರ ಕೈಯಲ್ಲಿ ಸತ್ತರು. ಆಮೇಲೆ ಊರಿನ ಮೇಲೆ ಪೊಲೀಸರೂ ಸೈನ್ಯವೂ ಎರಗಿದರು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು. ವಿಚಾರಣೆ ನಡೆದು ಹೆಂಗಸರೂ ಸೇರಿ ಹಲವರು ಜೈಲು ಪಾಲಾದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಇವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಇಂದು ಫ್ರೀಡಂ ಪಾರ್ಕ್ ಇರುವುದು ಅದೇ ಜೈಲಿನ ಜಾಗದಲ್ಲಿ.

ಇದನ್ನು ‘ಬ್ರಿಟಿಷರು ಐವರನ್ನು ಕೊಂದರು’ ಎಂಬ ಒಂದು ವಾಕ್ಯಕ್ಕೆ ಇಳಿಸಿದರೆ ಎರಡು ಸಂಗತಿಗಳು ಮರೆಯಾಗುತ್ತವೆ. ಮೊದಲನೆಯದು, ಈಸೂರು ಮೈಸೂರು ಸಂಸ್ಥಾನದಲ್ಲಿತ್ತು. ಗಲ್ಲು ಶಿಕ್ಷೆ ಜಾರಿಯಾದದ್ದು ಸಂಸ್ಥಾನದ ಆಡಳಿತದಲ್ಲಿ. ಗಂಗೊಳ್ಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇವರ ಅಜ್ಜಂದಿರ ಕಾಲದ ಗಂಗೊಳ್ಳಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೇರ ಬ್ರಿಟಿಷ್ ಆಳ್ವಿಕೆಗೆ ಸೇರಿತ್ತು. ಘಟ್ಟ ಹತ್ತಿದರೆ ಬೇರೆ ಸರ್ಕಾರ. ಎರಡನೆಯದು, ಸತ್ತ ಅಧಿಕಾರಿಗಳಿಬ್ಬರೂ ಕನ್ನಡದವರೇ, ಸರ್ಕಾರದ ಸಂಬಳದ ನೌಕರರು.

ಸ್ಮಾರಕವೆಂದರೇನು ಎಂಬುದನ್ನು ಕಲಿಸಲು ನಮ್ಮ ಸುತ್ತಲೇ ಒಳ್ಳೆಯ ಬೋಧನೋಪಕರಣ ಇದೆ. ಬಸ್ರೂರಿನಲ್ಲಿ, ಬಾರ್ಕೂರಿನಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಕಾಳಗದ ಪಟ್ಟಿಕೆಯಲ್ಲಿ ಶಿಲ್ಪಿ ಎದುರಾಳಿಯನ್ನೂ ಕೆತ್ತಿರುತ್ತಾನೆ. ಹೆಸರು ಬರೆದ ಇಂದಿನ ಸ್ಮಾರಕದಲ್ಲಿ ಆ ಪಟ್ಟಿಕೆ ಇರುವುದಿಲ್ಲ. ಅದನ್ನು ತುಂಬಬೇಕಾದವರು ಶಿಕ್ಷಕರು.

ದೇಶದಲ್ಲಿ ಇದಕ್ಕೊಂದು ಹೋಲಿಕೆಯೂ ಸಿಗುತ್ತದೆ. ಉತ್ತರ ಪ್ರದೇಶದ ಚೌರಿ ಚೌರಾದಲ್ಲಿ 1922ರ ಫೆಬ್ರವರಿಯಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಪೊಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಮುಂದೆ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಇಂದು ಅಲ್ಲಿ ಗಲ್ಲಿಗೇರಿದವರಿಗೊಂದು, ಸತ್ತ ಪೊಲೀಸರಿಗೊಂದು, ಹೀಗೆ ಎರಡು ಸ್ಮಾರಕಗಳಿವೆ. ಈ ಎರಡರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ‘ಯಾರು ಕಟ್ಟಿಸಿದರು, ಯಾವಾಗ, ಯಾರ ಹೆಸರಿದೆ, ಯಾರದ್ದಿಲ್ಲ’ ಎಂದು ಕೇಳಿದರೆ ಇಡೀ ಅವಧಿಗೆ ಬೇಕಾದಷ್ಟು ಚರ್ಚೆ ಹುಟ್ಟುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಏಕೆ ಎಂಬುದು ಒಂದು. ಪ್ರೌಢಶಾಲೆಯ ಮಕ್ಕಳು ದಿನವೂ ಇದಕ್ಕಿಂತ ಕ್ರೂರವಾದದ್ದನ್ನು ಮೊಬೈಲಿನಲ್ಲಿ ನೋಡುತ್ತಾರೆ. ಅದರ ಬಗ್ಗೆ ಯೋಚಿಸಲು ಅವರಿಗೆ ಜಾಗ ಸಿಗುವುದು ತರಗತಿಯಲ್ಲೇ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಅಧಿಕಾರಿಗಳ ಸಾವನ್ನು ಹೇಳಿದರೆ ಹುತಾತ್ಮರಿಗೆ ಅಗೌರವವಾಗುವುದಿಲ್ಲವೆ? ನನಗೆ ಹಾಗೆ ಅನ್ನಿಸುವುದಿಲ್ಲ. ಹಳ್ಳಿಯೊಂದು ಅಷ್ಟು ದೊಡ್ಡ ಸರ್ಕಾರಕ್ಕೆ ಎದುರು ನಿಂತದ್ದು, ಆ ದಿನ ಕೈಮೀರಿ ಹೋದದ್ದು, ಅದಕ್ಕೆ ತೆತ್ತ ಬೆಲೆ, ಇವನ್ನೆಲ್ಲ ತಿಳಿದ ಮಗು ಆ ಐದು ಹೆಸರುಗಳನ್ನು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಈ ಪಾಠಕ್ಕೆ ಪಾತ್ರಾಭಿನಯ ಬೇಡ. ಗಾಂಧಿ ಟೋಪಿ ಹಾಕಿದ ಮೂವತ್ತು ಮಕ್ಕಳು ಅಮಲ್ದಾರನ ಪಾತ್ರದ ಒಬ್ಬನನ್ನು ಸುತ್ತುವರಿದು ಹೊಡೆದಂತೆ ನಟಿಸಿದರೆ ತರಗತಿ ನಗುತ್ತದೆ, ಪಾಠ ಅಲ್ಲಿಗೇ ಸಾಯುತ್ತದೆ. ಬದಲಿಗೆ ನಕ್ಷೆ ಬಿಡಿಸಿ, ಗಂಗೊಳ್ಳಿಯಿಂದ ಘಟ್ಟದ ಮೇಲಿನ ಈಸೂರನ್ನು ಗುರುತಿಸಿ, ಘಟನಾವಳಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಲು ಗುಂಪುಗಳಿಗೆ ಕೊಡಿ. ಸಮಯ ಸಾಲದಿದ್ದರೆ ಘೋಷಣೆ ಕೂಗಿಸುವುದನ್ನು ಬಿಡಿ.

ಪಾಠ ವೀಕ್ಷಿಸುವ ನಾವು, ಅಂದರೆ ಉಪನ್ಯಾಸಕರೂ ಬದಲಾಗಬೇಕು. ‘ಅಮಲ್ದಾರರು ಏನು ತಪ್ಪು ಮಾಡಿದ್ದರು ಟೀಚರ್?’ ಎಂದು ಮಗುವೊಂದು ಕೇಳಿದಾಗ ಪ್ರಶಿಕ್ಷಣಾರ್ಥಿ ಒಂದು ನಿಮಿಷ ತಡವರಿಸಿದರೆ ಅಂಕ ಕಡಿಮೆ ಮಾಡುವುದು ಸರಿಯಲ್ಲ. ಅಂಥ ಪ್ರಶ್ನೆ ಎದ್ದ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ ಸಲ್ಲಬೇಕು.