ಅಪ್ಪ ಬರಲಿ ಅಂತ ಬುಕ್ ಮಾಡಿದ ಗಾಡಿ

"ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ."

ಜೂನ್‌ನಲ್ಲಿ ಅಪ್ಪ-ಅಮ್ಮ ಡಲ್ಲಾಸ್‌ಗೆ ಬಂದಿಳಿದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಬೀಚಿಗೆ ಹೋಗೋಣ ಅಂದ್ರೂ ಅದೇ, ದೇವಸ್ಥಾನಕ್ಕೆ ಹೋಗೋಣ ಅಂದ್ರೂ ಅದೇ. ಬಂದ ಎರಡನೇ ವಾರ ಆಸ್ಟಿನ್‌ಗೆ ಕರ್ಕೊಂಡು ಹೋಗಿದ್ದೆವು, ಅಷ್ಟೇ. ಆಮೇಲೆ ಸೋಫಾ ಬಿಟ್ಟು ಎದ್ದಿಲ್ಲ. ಒಂದಿನ ನನಗೂ ತಲೆಕೆಟ್ಟು, "ಇಷ್ಟು ದುಡ್ಡು ಕೊಟ್ಟು ಟಿಕೆಟ್ ಮಾಡ್ಸಿದ್ದು ಇಲ್ಲಿ ಕೂತು ಟೀವಿ ನೋಡೋಕಾ?" ಅಂದುಬಿಟ್ಟೆ. ಅಪ್ಪ ಏನೂ ಹೇಳಲಿಲ್ಲ. ವಾಲ್ಯೂಮ್ ಕಮ್ಮಿ ಮಾಡಿದರು.

ಅಸಲಿ ವಿಷಯ ಆಗಸ್ಟ್‌ನಲ್ಲಿ ಅಮ್ಮನ ಬಾಯಿಂದ ಬಂತು, ಹುರುಳಿಕಾಯಿ ಸೋಸುವಾಗ. ಆಸ್ಟಿನ್ ದಾರಿಯಲ್ಲಿ ಹೈವೇ ಜಾಮ್ ಆಗಿ ಒಂದು ಗಂಟೆ ಕಾರು ಅಲ್ಲಾಡಿರಲಿಲ್ಲ. ಅಪ್ಪನಿಗೆ ಪ್ರಾಸ್ಟೇಟ್ ತೊಂದರೆ. ನಲವತ್ತು ನಿಮಿಷಕ್ಕೊಮ್ಮೆ ಹೋಗಲೇಬೇಕು, ರಾತ್ರಿ ನಾಲ್ಕು ಸಲ ಏಳಬೇಕು. ಮಾತ್ರೆ ನಡೀತಿದೆ, ಗಾಬರಿ ಪಡುವಂಥದ್ದೇನಿಲ್ಲ ಅಂದಿದ್ದಾರಂತೆ ಡಾಕ್ಟರು. ಆದರೆ ಅವತ್ತು ತಡೆಯೋಕಾಗಿಲ್ಲ. "ಅಳಿಯಂದ್ರ ಕಾರಲ್ಲಿ ಹಿಂಗಾಯ್ತಲ್ಲ ಅಂತ ಊಟಾನೇ ಮಾಡ್ಲಿಲ್ಲ ಕಣೇ," ಅಂದಳು ಅಮ್ಮ. ನೀರಿನ ಬಾಟಲಿ ಚೆಲ್ಲಿತು ಅಂತ ಅಪ್ಪ ಸೀಟು ಒರೆಸಿದ್ದು ನೆನಪಾಯ್ತು. ನಾವು ನಂಬಿದ್ದೆವು.

ನಮ್ಮಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದವರು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು, ಮತ್ತೆ ವಾಪಸ್. ಮಳೆಗಾಲದಲ್ಲಿ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಸೀಟು ಬಿಟ್ಟು ಇಳಿಯುತ್ತಿರಲಿಲ್ಲವಂತೆ. ಅಂಥವರಿಗೆ ಈಗ ಕಾರು ಹತ್ತೋಕೆ ಭಯ.

ಅವತ್ತು ರಾತ್ರಿ ಗಂಡನ ಹತ್ತಿರ ಮಾತಾಡಿದೆ. "ಬಾತ್‌ರೂಮನ್ನೇ ಜೊತೆಗೆ ತಗೊಂಡು ಹೋಗೋಣ ಬಿಡು," ಅಂದ. ತಮಾಷೆಗೆ ಅಂದಿದ್ದು. ನಾನು ಲ್ಯಾಪ್‌ಟಾಪ್ ತೆಗೆದೆ.

ಆರ್‌ವಿ ಅಂದ್ರೆ ನಿಮಗೆ ಗೊತ್ತೇ ಇರುತ್ತೆ: ಮಂಚ, ಒಲೆ, ಫ್ರಿಜ್ಜು, ಪಾಯಖಾನೆ ಎಲ್ಲಾ ಹೊತ್ತುಕೊಂಡು ಓಡಾಡೋ ಗಾಡಿ. ಬಾಡಿಗೆಗೆ ಸಿಗುತ್ತೆ. ನಮ್ಮದು ಇಪ್ಪತ್ತೈದು ಅಡಿ ಉದ್ದದ್ದು, ಎತ್ತರ ಹನ್ನೊಂದು ಅಡಿ ಮೇಲೆ. ಇಷ್ಟು ದೊಡ್ಡದನ್ನು ನಾನು ಮಾಮೂಲಿ ಕಾರಿನ ಲೈಸೆನ್ಸ್‌ನಲ್ಲೇ ಓಡಿಸಬಹುದು ಅನ್ನೋದು ನನಗೇ ಸ್ವಲ್ಪ ಹೆದರಿಕೆ ಹುಟ್ಟಿಸಿದ ಸಂಗತಿ. ಒಂದು ವಿಷಯ ಮೊದಲೇ ತಿಳ್ಕೊಳ್ಳಿ, ಗಾಡಿ ಓಡುತ್ತಿರುವಾಗ ಒಳಗೆ ಎದ್ದು ಓಡಾಡೋದು, ಬಾತ್‌ರೂಮಿಗೆ ಹೋಗೋದು ಅಪಾಯ. ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಆದರೆ ಪೆಟ್ರೋಲ್ ಬಂಕ್, ರೆಸ್ಟ್ ಏರಿಯಾ, ಎಲ್ಲಿ ನಿಲ್ಲಿಸಿದರೂ ಹತ್ತು ಸೆಕೆಂಡಿನಲ್ಲಿ ನಮ್ಮದೇ ಬಾಗಿಲು. ಕ್ಯೂ ಇಲ್ಲ, ಕೌಂಟರಿನವರ ಹತ್ತಿರ ಕೀ ಕೇಳೋದಿಲ್ಲ.

ಜಾಗದ ಬಗ್ಗೆ ಜಾಸ್ತಿ ಯೋಚಿಸಿದೆ. ಹೆಸರುವಾಸಿ ಪಾರ್ಕುಗಳಲ್ಲಿ ಗೇಟಿನ ಮುಂದೇ ಕಾರುಗಳ ಸಾಲು. ಅಪ್ಪನಿಗೆ ಅದೇ ಜಾಮು, ಅದೇ ಸಂಕಟ. ಹುಡುಕಿ ಹುಡುಕಿ ಸಿಕ್ಕಿದ್ದು ಕ್ಯಾಪ್‌ರಾಕ್ ಕ್ಯಾನಿಯನ್ಸ್ ಸ್ಟೇಟ್ ಪಾರ್ಕ್. ಟೆಕ್ಸಸ್‌ನ ಉತ್ತರದ ಪ್ಯಾನ್‌ಹ್ಯಾಂಡಲ್ ಕಡೆ, ನಮ್ಮನೆಯಿಂದ ಸುಮಾರು 280 ಮೈಲಿ, ಅಂದ್ರೆ 450 ಕಿಲೋಮೀಟರ್. ಕೆಂಪು ಮಣ್ಣಿನ ಕಮರಿಗಳು, ದೊಡ್ಡ ಆಕಾಶ. ಪಕ್ಕದ ಊರಲ್ಲಿ ಐನೂರು ಜನವೂ ಇಲ್ಲ. ಅದರ ಹೆಸರು ಸ್ಪೆಲಿಂಗ್ ನೋಡಿ ನಾವೆಲ್ಲ "ಕ್ವಿಟಾಕ್" ಅಂತಿದ್ದೆವು, "ಕಿಟ್ಟಿಕ್ವೇ" ಅನ್ನಬೇಕಂತೆ. ನನ್ನ ಮಗಳು ಊರಿನ ಕಿಟ್ಟಿ ಮಾಮನ ನೆನಪಾಗಿ ಎರಡು ದಿನ ನಕ್ಕಳು.

ಅಲ್ಲಿಯ ವಿಶೇಷ ಬೈಸನ್. ನಮ್ಮ ಸಕಲೇಶಪುರದ ಕಡೆಯ ಕಾಟಿಯ ದೂರದ ನೆಂಟ ಅನ್ನಿ, ಮೈಮೇಲೆ ಕಂಬಳಿ ಹೊದ್ದ ಹಾಗೆ ಕೂದಲು. ಹತ್ತೊಂಬತ್ತನೇ ಶತಮಾನದಲ್ಲಿ ಚರ್ಮಕ್ಕೋಸ್ಕರ ಇವನ್ನು ಕೊಂದು ಕೊಂದು ಹೆಚ್ಚೂಕಮ್ಮಿ ಮುಗಿಸಿಯೇಬಿಟ್ಟಿದ್ದರು. 1878ರಲ್ಲಿ ಮೇರಿ ಆನ್ ಗುಡ್‌ನೈಟ್ ಅನ್ನುವ ಹೆಂಗಸು, ದನ ಸಾಕುತ್ತಿದ್ದ ತನ್ನ ಗಂಡ ಚಾರ್ಲ್ಸ್‌ಗೆ, ಉಳಿದಿರೋ ಕರುಗಳನ್ನಾದರೂ ಹಿಡಿದು ಸಾಕು ಅಂತ ಹಟ ಹಿಡಿದಳು. ಆ ಕರುಗಳ ಸಂತತಿಯೇ 1997ರಲ್ಲಿ ರಾಜ್ಯಕ್ಕೆ ಸೇರಿ ಈ ಪಾರ್ಕಿಗೆ ಬಂತು. ಬೇಲಿ ಹಾಕಿದ ಝೂ ಅಲ್ಲ; ಪಾರ್ಕಿನೊಳಗೆಲ್ಲ ತಿರುಗಾಡುತ್ತವೆ, ಕ್ಯಾಂಪ್‌ಗ್ರೌಂಡಿನೊಳಗೂ ಬರುತ್ತವೆ. ಐವತ್ತು ಗಜ ದೂರ ಇರಬೇಕು ಅನ್ನೋದು ನಿಯಮ. ಬಾಲ ಮೇಲೆತ್ತಿದರೆ ಸಿಟ್ಟು ಬಂದಿದೆ ಅಂತ ಅರ್ಥ.

ಟೆಂಟ್ ಬೇಡ ಅಂತ ತೀರ್ಮಾನ ಆಗಿದ್ದು ಇಲ್ಲೇ. ರಾತ್ರಿ ನಾಲ್ಕು ಸಲ ಎದ್ದು, ಟಾರ್ಚ್ ಹಿಡ್ಕೊಂಡು, ಒಂಬೈನೂರು ಕೆಜಿಯ ಪ್ರಾಣಿಗಳ ಮಧ್ಯೆ ಕಾಮನ್ ಬಾತ್‌ರೂಮಿಗೆ ನಮ್ಮಪ್ಪ ನಡೀಬೇಕಾ?

ಬುಕಿಂಗ್ ಐದು ತಿಂಗಳು ಮುಂಚೆಯೇ ತೆರೆಯುತ್ತೆ. ನಾವು ಆಗಸ್ಟ್‌ನಲ್ಲಿ ನೋಡಿದಾಗ ಅಕ್ಟೋಬರ್‌ನ ಶುಕ್ರವಾರ, ಶನಿವಾರಗಳೆಲ್ಲ ಖಾಲಿಯಾಗಿದ್ದವು. ಬೇಸಿಗೆಯಂತೂ ಬೇಡವೇ ಬೇಡ, ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಅಕ್ಟೋಬರ್ ಕೊನೆಯಲ್ಲಿ ಭಾನುವಾರದಿಂದ ಬುಧವಾರ ಸಿಕ್ಕಿತು. ಇಬ್ಬರೂ ರಜೆ ಹಾಕಿದೆವು. ವಾರದ ಮಧ್ಯೆ ಆದ್ದರಿಂದ ಜನವೂ ಕಮ್ಮಿ. ಹನಿ ಫ್ಲ್ಯಾಟ್ ಅನ್ನುವ ಲೂಪಿನಲ್ಲಿ ನೀರು, ಕರೆಂಟ್ ಎರಡೂ ಇರುವ ಸೈಟು. ಕರೆಂಟ್ ಬೇಕೇ ಬೇಕು ಅಂತ ಹಟ ಹಿಡಿದಿದ್ದು ನಾನು. ರಾತ್ರಿ ಚಳಿಯಾದರೆ ಹೀಟರ್ ಹಾಕಬಹುದು, ಬಾತ್‌ರೂಮಿನ ದೀಪ ಬೆಳಗಿನ ತನಕ ಉರಿಯಬಹುದು. ಆದರೆ ಗಾಡಿ ಮೂವತ್ತು ಆಂಪ್‌ದು. ಎಸಿ, ಮೈಕ್ರೋವೇವ್, ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತೆ.

ಟ್ಯಾಂಕುಗಳದ್ದು ಇನ್ನೊಂದು ಕಥೆ. ಶುದ್ಧ ನೀರಿಗೆ ಒಂದು, ಸಿಂಕು-ಸ್ನಾನದ ನೀರಿಗೆ ಒಂದು, ಪಾಯಖಾನೆಗೆ ಒಂದು. ಹೊರಡುವ ಮುಂಚೆ ಡಂಪ್ ಸ್ಟೇಷನ್‌ನಲ್ಲಿ ಗ್ಲೌಸ್ ಹಾಕಿ ಖಾಲಿ ಮಾಡಬೇಕು. ಮೊದಲು ಪಾಯಖಾನೆಯದ್ದು, ಆಮೇಲೆ ಸಿಂಕಿನದ್ದು. ಆಗ ಪೈಪು ತಾನೇ ತೊಳೆದುಕೊಳ್ಳುತ್ತೆ. ಈ ಕೆಲಸ ನನ್ನ ಗಂಡನದ್ದು. ಬಾತ್‌ರೂಮ್ ಐಡಿಯಾ ಕೊಟ್ಟವನು ಅವನೇ ತಾನೆ. ಅಮ್ಮ ಫೋಟೋ ನೋಡಿ, "ಒಲೆ ಪಕ್ಕದಲ್ಲೇ ಕಕ್ಕಸ್ಸಾ?" ಅಂತ ಮುಖ ಕಿವುಚಿದಳು. ಆದರೂ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಣ್ಣ ಕುಕ್ಕರ್ ಎಲ್ಲ ಆಗಲೇ ಲಿಸ್ಟಿಗೆ ಸೇರಿವೆ.

ಅಪ್ಪನಿಗೆ ಮಾತ್ರ ಹೇಗೆ ಹೇಳೋದು ಗೊತ್ತಾಗಲಿಲ್ಲ. ಅಮ್ಮ ಹೇಳಿದ್ದು ಗೊತ್ತಾದರೆ ಇನ್ನಷ್ಟು ಕುಗ್ಗುತ್ತಾರೆ. "ಮಗಳಿಗೆ ಬೈಸನ್ ನೋಡ್ಬೇಕಂತೆ, ದೊಡ್ಡ ಗಾಡಿ ತಗೊಂಡಿದ್ದೀವಿ," ಅಂತಷ್ಟೇ ಹೇಳಿದೆ. "ನೀವು ಹೋಗ್ಬನ್ನಿ" ಅಂತ ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿದರು. "ಎಷ್ಟುದ್ದದ್ದು?"

ಹೋದ ಶನಿವಾರ ಬಾಡಿಗೆಯವರು ಗಾಡಿ ತೋರಿಸಿ, ಓಡಿಸೋದು ಹೇಳಿಕೊಡ್ತೀವಿ ಅಂತ ಕರೆದಿದ್ದರು. ಮನೆಯಿಂದ ಹದಿನೈದು ನಿಮಿಷ. ಅಪ್ಪನೂ ಬಂದರು. ಗಾಡಿ ಸುತ್ತ ಒಂದು ರೌಂಡ್ ಹೊಡೆದು, ಟೈರಿಗೆ ಒದ್ದು, ಬಗ್ಗಿ ಕೆಳಗೆ ನೋಡಿದರು. ಮೈಲೇಜ್ ಎಷ್ಟು ಅಂದರು. ಗ್ಯಾಲನ್ನಿಗೆ ಒಂಬತ್ತು ಮೈಲಿ ಅಂದೆ. ಮನಸ್ಸಿನಲ್ಲೇ ಲೆಕ್ಕ ಹಾಕಿ, "ಲೀಟರಿಗೆ ನಾಲ್ಕೂ ಇಲ್ಲ. ನಮ್ಮ ಬಸ್ಸೇ ವಾಸಿ, ಐದು ಕೊಡ್ತಿತ್ತು," ಅಂದರು. ಆಮೇಲೆ ಒಳಗೆ ಹತ್ತಿ ಆ ಪುಟ್ಟ ಬಾಗಿಲು ತೆಗೆದು ಒಳಗೆ ಹೋದರು. ಚಿಲಕ ಹಾಕಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಚಿಲಕ ತೆಗೆದ ಸದ್ದು. ಹೊರಗೆ ಬಂದು ನನ್ನ ಮುಖ ಒಂದು ಕ್ಷಣ ನೋಡಿದರು. ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ಇಬ್ಬರೂ ಏನೂ ಮಾತಾಡಲಿಲ್ಲ.

ಆಮೇಲೆ ನಾನು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಗಾಡಿ ತಿರುಗಿಸುವಾಗ ಅಪ್ಪ ಪಕ್ಕದ ಸೀಟಿನಲ್ಲಿದ್ದರು. "ಮುಂದೆ ನೋಡ್ಬೇಡ, ಕನ್ನಡೀಲಿ ಹಿಂದಿನ ಚಕ್ರ ನೋಡು. ಅದು ಒಳಗೆ ಕತ್ತರಿಸ್ಕೊಂಡು ಬರುತ್ತೆ. ಹಿಂದುಗಡೆ ಬಾಡಿ ಆಚೆ ಬೀಸುತ್ತೆ." ಹೇಳಿಕೊಟ್ಟ ಹುಡುಗ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದ್ದು ಇದನ್ನೇ. ರಿವರ್ಸ್ ಬರುವಾಗ ಅಪ್ಪ ಕೆಳಗಿಳಿದು ಗಾಡಿಯ ಹಿಂದೆ ನಿಂತು ಬಾಡಿಗೆ ಎರಡೇಟು ಬಡಿದು, "ಬಾ, ಬಾ, ಬಾ... ಹೋಲ್ಡಾನ್!" ಅಂತ ಕೂಗಿದ್ದು ಇಡೀ ಲಾಟಿಗೇ ಕೇಳಿಸಿತು.

ನಿನ್ನೆ ರಾತ್ರಿ ನೀರು ಕುಡಿಯೋಕೆ ಎದ್ದಾಗ ಡೈನಿಂಗ್ ಟೇಬಲ್ಲಿನ ದೀಪ ಉರೀತಿತ್ತು. ಅಪ್ಪ ನನ್ನ ಹಳೇ ಲಕೋಟೆಯೊಂದರ ಹಿಂದೆ ಕನ್ನಡದಲ್ಲಿ ಬರೀತಿದ್ದರು. ಡೆಕೇಟರ್, ವಿಚಿತಾ ಫಾಲ್ಸ್, ವರ್ನನ್, ಚಿಲ್ಡ್ರೆಸ್, ಟರ್ಕಿ, ಕಿಟ್ಟಿಕ್ವೇ. ಒಂದೊಂದರ ಮುಂದೆ ಬರುವ ಸಮಯ, ಬಿಡುವ ಸಮಯ. ವರ್ನನ್ ಮತ್ತು ಚಿಲ್ಡ್ರೆಸ್ ಮಧ್ಯೆ ಪೆನ್ನು ನಿಂತಿತ್ತು. "ಇಲ್ಲಿ ದೂರ ಜಾಸ್ತಿ. ಮಧ್ಯದಲ್ಲಿ ಯಾವುದಾದ್ರೂ ಊರಿದೆಯೇನೇ?"

ಕ್ವಾನಾ ಅಂತ ಇದೆ ಅಂದೆ. ಬರೆದುಕೊಂಡರು.

"ಇದೆಲ್ಲ ಯಾಕಪ್ಪಾ, ನೀವು ಹೇಳಿದ ಕಡೆ ನಿಲ್ಲಿಸ್ತೀನಿ."

"ಕೈ ತೋರಿಸಿದ ಕಡೆಯೆಲ್ಲ ನಿಲ್ಲಿಸೋಕೆ ಅದೇನು ಎತ್ತಿನಗಾಡಿಯೇನೇ?" ಅಂದರು.

ಲಕೋಟೆಯ ಮೇಲ್ಗಡೆ "ಡಲ್ಲಾಸ್ ಬಿಡುವುದು 6.40" ಅಂತಿತ್ತು. ನಾನು ಎಂಟು ಗಂಟೆ ಅಂದುಕೊಂಡಿದ್ದೆ.